ಉಪಮೊತ್ತದ ಸಾಲಿನಲ್ಲಿ ಎರಡು ಸಂಖ್ಯೆ ಇರಲಿ

ಘಟಕ ಪರೀಕ್ಷೆಗೆ ನಾವು ತಯಾರಿಸುವ ನೀಲನಕ್ಷೆ ನಿಜಕ್ಕೂ ಶಿಸ್ತಿನ ಕೋಷ್ಟಕ. ಅಡ್ಡಸಾಲುಗಳಲ್ಲಿ ಉಪಘಟಕಗಳು, ಕಂಬಸಾಲುಗಳಲ್ಲಿ ಜ್ಞಾನ, ತಿಳುವಳಿಕೆ, ಅನ್ವಯ, ಕೌಶಲ; ಅವುಗಳ ಕೆಳಗೆ ಮತ್ತೆ ವಸ್ತುನಿಷ್ಠ, ಕಿರು ಉತ್ತರ, ದೀರ್ಘ ಉತ್ತರ ಎಂಬ ವಿಭಜನೆ. ಪ್ರತಿ ಮನೆಯಲ್ಲಿ ಎರಡು ಸಂಖ್ಯೆ: ಆವರಣದ ಒಳಗೊಂದು, ಹೊರಗೊಂದು. ಒಂದು ಅಂಕ, ಇನ್ನೊಂದು ಪ್ರಶ್ನೆಗಳ ಸಂಖ್ಯೆ. ಬಲಗಡೆಯ ಉಪಮೊತ್ತಗಳನ್ನು ಕೂಡಿದರೂ ಕೆಳಗಿನ ಉಪಮೊತ್ತಗಳನ್ನು ಕೂಡಿದರೂ ಅದೇ 25 ಬರಬೇಕು. ಬರದಿದ್ದರೆ ಮಾರ್ಗದರ್ಶಕರು ಸಹಿ ಹಾಕುವುದಿಲ್ಲ.

ಅದೇ ಪರೀಕ್ಷೆ ಮುಗಿದು ಫಲಿತಾಂಶ ವಿಶ್ಲೇಷಣೆಯ ಕೋಷ್ಟಕಕ್ಕೆ ಬಂದಾಗ ಈ ಶಿಸ್ತು ಕಾಣೆಯಾಗುತ್ತದೆ. ಅಲ್ಲಿ ಪ್ರತಿ ಮನೆಯಲ್ಲಿ ಉಳಿಯುವುದು ಒಂದೇ ಸಂಖ್ಯೆ, ಶೇಕಡಾವಾರು. ಎಷ್ಟು ಮಕ್ಕಳಲ್ಲಿ ಎಷ್ಟು ಮಕ್ಕಳು ಎಂಬುದು ಅಳಿಸಿಹೋಗಿರುತ್ತದೆ. ಹೀಗೆ ಅಳಿಸಿದ ಮೇಲೆ ಉಪಮೊತ್ತವನ್ನು ಸರಿಯಾಗಿ ಮಾಡಲು ಯಾವ ತಂತ್ರಾಂಶಕ್ಕೂ ಸಾಧ್ಯವಿಲ್ಲ. ನೀಲನಕ್ಷೆಗೆ ನಾವು ಹಾಕುವ ನಿಯಮವನ್ನೇ ಫಲಿತಾಂಶದ ಕೋಷ್ಟಕಕ್ಕೂ ಹಾಕಬೇಕು ಎಂಬುದು ನನ್ನ ವಾದ.

ಒಂದು ಕಲ್ಪಿತ ಉದಾಹರಣೆ ನೋಡೋಣ. ಒಂಬತ್ತನೇ ತರಗತಿಯ ಕನ್ನಡ ಮಾಧ್ಯಮದ ವಿಭಾಗದಲ್ಲಿ 60 ಮಕ್ಕಳು, ತೇರ್ಗಡೆಯಾದವರು 33, ಅಂದರೆ ಶೇ. 55. ಇಂಗ್ಲಿಷ್ ಮಾಧ್ಯಮದ ವಿಭಾಗದಲ್ಲಿ 20 ಮಕ್ಕಳು, ತೇರ್ಗಡೆಯಾದವರು 19; ಅಂದರೆ ಶೇ. 95. ಶೇಕಡಾವಾರು ಮಾತ್ರ ಇರುವ ಕೋಷ್ಟಕದ ಕೊನೆಯ ಸಾಲಿನಲ್ಲಿ ಸರಾಸರಿ ಕೇಳಿದರೆ ಎಕ್ಸೆಲ್ ಆಗಲಿ ಲಿಬ್ರೆ ಆಫೀಸ್ ಆಗಲಿ ನಿಸ್ಸಂಕೋಚವಾಗಿ ಶೇ. 75 ಎನ್ನುತ್ತದೆ. ನಿಜ ಏನೆಂದರೆ 80 ಮಕ್ಕಳಲ್ಲಿ 52, ಅಂದರೆ ಶೇ. 65. ಈ ಹತ್ತು ಅಂಶಗಳ ವ್ಯತ್ಯಾಸ ಬರೀ ಲೆಕ್ಕದ್ದಲ್ಲ. ತೇರ್ಗಡೆಯಾಗದ 28 ಮಕ್ಕಳಲ್ಲಿ 27 ಮಂದಿ ಒಂದೇ ಕೊಠಡಿಯಲ್ಲಿ ಕೂತಿದ್ದಾರೆ. ಪರಿಹಾರ ಬೋಧನೆ ಯಾರಿಗೆ ಬೇಕು, ಎಷ್ಟು ಅವಧಿ ಬೇಕು ಎಂದು ಮುಖ್ಯೋಪಾಧ್ಯಾಯರು ತೀರ್ಮಾನಿಸುವುದು ಈ ಕೊನೆಯ ಸಾಲನ್ನು ನೋಡಿ. ಶೇ. 75 ಕಂಡವರು ಪರವಾಗಿಲ್ಲ ಎಂದು ಪುಟ ತಿರುವುತ್ತಾರೆ.

ಹತ್ತನೇ ತರಗತಿಯ ಸಂಖ್ಯಾಶಾಸ್ತ್ರ ಅಧ್ಯಾಯದಲ್ಲಿ ನಾವು ಕಲಿಸುವುದೇ ಇದನ್ನು. ಪ್ರಾಪ್ತಾಂಕವನ್ನು ಆವೃತ್ತಿಯಿಂದ ಗುಣಿಸಿ, ಗುಣಲಬ್ಧಗಳನ್ನು ಕೂಡಿ, ಆವೃತ್ತಿಗಳ ಮೊತ್ತದಿಂದ ಭಾಗಿಸಬೇಕು. ಬೆಳಿಗ್ಗೆ ಕರಿಹಲಗೆಯ ಮೇಲೆ ಇದನ್ನು ಚೆನ್ನಾಗಿ ಬಿಡಿಸಿ ತೋರಿಸಿದ ಪ್ರಶಿಕ್ಷಣಾರ್ಥಿ ಸಂಜೆ ದಾಖಲೆ ಪುಸ್ತಕಕ್ಕಾಗಿ ಸರಾಸರಿಗಳ ಸರಾಸರಿ ತೆಗೆಯುತ್ತಾರೆ. ಪಾಠಕ್ಕೂ ಕೆಲಸಕ್ಕೂ ನಡುವೆ ಯಾರೂ ಸೇತುವೆ ಕಟ್ಟಿಲ್ಲ, ಅಷ್ಟೆ.

ಹಾಗಾದರೆ ತಂತ್ರಾಂಶ ಬೇಡ, ಕೈಯಲ್ಲೇ ಮಾಡಿಸಿ ಎನ್ನುವ ಹಿರಿಯ ಬೋಧಕರಿದ್ದಾರೆ. ಅವರ ಆತಂಕ ಅರ್ಥವಾಗುತ್ತದೆ, ಆದರೆ ಒಪ್ಪುವುದು ಕಷ್ಟ. ನಾಲ್ಕು ವಿಭಾಗ, ಆರು ವಿಷಯ, ಗಂಡು-ಹೆಣ್ಣು, ಎರಡು ಮಾಧ್ಯಮ ಎಂದು ಕೋಷ್ಟಕ ಬೆಳೆದಾಗ ಕೈಲೆಕ್ಕ ದಣಿಸುತ್ತದೆ. ದಣಿದ ಕೈ ತಪ್ಪುತ್ತದೆ. ತಂತ್ರಾಂಶಕ್ಕೆ ಕೊಡುವ ದತ್ತಾಂಶ ಯಾವ ರೂಪದಲ್ಲಿದೆ ಎಂಬುದೇ ಇಲ್ಲಿ ಮುಖ್ಯ. ಒಂದು ಮಗುವಿಗೆ ಒಂದು ಸಾಲು ಇರಲಿ. ತೇರ್ಗಡೆ ಎಂಬ ಕಂಬಸಾಲಿನಲ್ಲಿ ಹೌದಾದರೆ 1, ಇಲ್ಲವಾದರೆ 0 ಬರೆಯಿರಿ. ಈಗ ಆ ಕಂಬಸಾಲಿನ ಮೊತ್ತವೇ ತೇರ್ಗಡೆಯಾದವರ ಸಂಖ್ಯೆ, ಅದರ ಸರಾಸರಿಯೇ ತೇರ್ಗಡೆಯ ಪ್ರಮಾಣ. ವಿಭಾಗದ ಮಟ್ಟದಲ್ಲಿ, ಮಾಧ್ಯಮದ ಮಟ್ಟದಲ್ಲಿ, ಶಾಲೆಯ ಮಟ್ಟದಲ್ಲಿ ಪಿವಟ್ ಟೇಬಲ್ ಕೊಡುವ ಸರಾಸರಿ ಸರಿಯಾಗೇ ಇರುತ್ತದೆ, ಏಕೆಂದರೆ ಅದು ಪ್ರತಿ ಸಲವೂ ಮಕ್ಕಳ ಸಾಲುಗಳಿಗೇ ಹಿಂದಿರುಗಿ ಲೆಕ್ಕ ಹಾಕುತ್ತದೆ. ಮೇಲಿನ ಉದಾಹರಣೆಯಲ್ಲಿ 80 ಸಾಲುಗಳಿದ್ದಿದ್ದರೆ ಅದು ತಾನಾಗಿ 0.65 ಎನ್ನುತ್ತಿತ್ತು.

ಇನ್ನು ಕೆಲವು ಗುಣಗಳನ್ನು ಪ್ರಾಯೋಗಿಕ ತರಗತಿಯಲ್ಲಿ ತೋರಿಸಿಬಿಟ್ಟರೆ ಒಳ್ಳೆಯದು. ಎಕ್ಸೆಲ್‌ನ ಸಬ್‌ಟೋಟಲ್ ಆಜ್ಞೆ ಗುಂಪಿನ ಹೆಸರು ಬದಲಾದ ಕಡೆಯಲ್ಲೆಲ್ಲ ಒಂದು ಉಪಮೊತ್ತದ ಸಾಲು ಸೇರಿಸುತ್ತದೆ. ಮೊದಲು ವಿಂಗಡಿಸಿ ಜೋಡಿಸದಿದ್ದರೆ ಒಂದೇ 'ಎ' ವಿಭಾಗಕ್ಕೆ ಐದಾರು ಉಪಮೊತ್ತಗಳು ಬರುತ್ತವೆ. ಪಿವಟ್ ಟೇಬಲ್‌ಗೆ ಆ ತೊಂದರೆಯಿಲ್ಲ, ಆದರೆ '9ಎ' ಎಂದು ಒಮ್ಮೆ, ನಡುವೆ ಜಾಗ ಬಿಟ್ಟು '9 ಎ' ಎಂದು ಇನ್ನೊಮ್ಮೆ ಟೈಪಿಸಿದ್ದರೆ ಅದಕ್ಕೂ ಅವು ಎರಡು ಬೇರೆ ತರಗತಿಗಳೇ. ಸಮ್ ಸೂತ್ರ ತನ್ನ ವ್ಯಾಪ್ತಿಯಲ್ಲಿ ಬರುವ ಉಪಮೊತ್ತಗಳನ್ನೂ ಸೇರಿಸಿ ಕೂಡುತ್ತದೆ, ಹಾಗಾಗಿ ಒಟ್ಟು ಮೊತ್ತ ಎರಡು ಪಟ್ಟಾಗುತ್ತದೆ. ಸಬ್‌ಟೋಟಲ್ ಸೂತ್ರ ಬೇರೆ ಸಬ್‌ಟೋಟಲ್‌ಗಳನ್ನು ಬಿಟ್ಟು ಕೂಡುತ್ತದೆ. ಆ ಸೂತ್ರದ ಮೊದಲ ಅಂಕಿ 9 ಆಗಿದ್ದರೆ ನಾವು ಕೈಯಾರೆ ಮರೆಮಾಡಿದ ಸಾಲುಗಳೂ ಮೊತ್ತದಲ್ಲಿ ಸೇರುತ್ತವೆ, 109 ಆಗಿದ್ದರೆ ಸೇರುವುದಿಲ್ಲ. ಅರ್ಧದಲ್ಲೇ ಶಾಲೆ ಬಿಟ್ಟುಹೋದ ಮಗುವಿನ ಸಾಲನ್ನು ಮರೆಮಾಡಿ ನಿಶ್ಚಿಂತರಾಗುವವರು ಇದನ್ನು ತಿಳಿದಿರಬೇಕು.

ತಂತ್ರಾಂಶದ ಗುಣದೋಷಕ್ಕೂ ಮೀರಿದ ಇನ್ನೊಂದು ಸಂಗತಿಯಿದೆ: ಕೆಲವು ಮೊತ್ತಗಳಿಗೆ ಅರ್ಥವೇ ಇರುವುದಿಲ್ಲ. ಗಣಿತದಲ್ಲಿ 9, ವಿಜ್ಞಾನದಲ್ಲಿ 7, ಇಂಗ್ಲಿಷಿನಲ್ಲಿ 8 ಮಕ್ಕಳು ಅನುತ್ತೀರ್ಣರಾಗಿದ್ದಾರೆ ಎನ್ನೋಣ. ಕೂಡಿದರೆ 24. ಇದು 24 ಮಕ್ಕಳಲ್ಲ. ಮೂರೂ ವಿಷಯಗಳಲ್ಲಿ ಹೆಚ್ಚುಕಡಿಮೆ ಅವೇ ಮಕ್ಕಳಿದ್ದರೆ ನಿಜ ಸಂಖ್ಯೆ 9ರಷ್ಟಿರಬಹುದು. ಒಂಬತ್ತು ಮಕ್ಕಳಿಗೆ ಮೂರು ವಿಷಯ ಕಲಿಸುವ ಯೋಜನೆಯೂ ಇಪ್ಪತ್ನಾಲ್ಕು ಮಕ್ಕಳಿಗೆ ಒಂದೊಂದು ವಿಷಯ ಕಲಿಸುವ ಯೋಜನೆಯೂ ಒಂದೇ ಅಲ್ಲವಲ್ಲ.

ಉಪಮೊತ್ತ ಮೊದಲೇ ಸೇರಿಕೊಂಡಿರುವ ಕೋಷ್ಟಕಗಳು ಇನ್ನೊಂದು ಬಗೆ. ಸಮಾಜ ವಿಜ್ಞಾನದ ಗೆಳೆಯರು ಯೋಜನಾ ಕಾರ್ಯಕ್ಕೆ ಜನಗಣತಿಯ ಪ್ರಾಥಮಿಕ ಸಾರಾಂಶವನ್ನು ತರುತ್ತಾರೆ. ಅದರಲ್ಲಿ ಪ್ರತಿ ಪ್ರದೇಶಕ್ಕೂ ಒಟ್ಟು, ಗ್ರಾಮೀಣ, ನಗರ ಎಂದು ಸಾಲುಗಳಿರುತ್ತವೆ. 2011ರಲ್ಲಿ ಕರ್ನಾಟಕದ ಗ್ರಾಮೀಣ ಜನಸಂಖ್ಯೆ 3,74,69,335, ನಗರ ಜನಸಂಖ್ಯೆ 2,36,25,962, ಒಟ್ಟು 6,10,95,297. ಈ ಮೂರೂ ಒಂದೇ ಕಂಬಸಾಲಿನಲ್ಲಿ ಕೂತಿರುವುದರಿಂದ ಮೇಲಿನಿಂದ ಕೆಳಗೆ ಎಳೆದು ಕೂಡಿದರೆ ರಾಜ್ಯದ ಜನಸಂಖ್ಯೆ 12 ಕೋಟಿ ದಾಟುತ್ತದೆ. ರಾಜ್ಯ, ಜಿಲ್ಲೆ, ತಾಲ್ಲೂಕಿನ ಸಾಲುಗಳು ಒಂದೇ ಹಾಳೆಯಲ್ಲಿದ್ದರೆ ಇನ್ನೂ ಮೇಲಕ್ಕೆ ಹೋಗುತ್ತದೆ. ಸಾಕ್ಷರತೆಯ ಪ್ರಮಾಣದಲ್ಲಿ ಇನ್ನೊಂದು ಸೂಕ್ಷ್ಮವಿದೆ: ಅದರ ಛೇದ ಪೂರ್ಣ ಜನಸಂಖ್ಯೆಯಲ್ಲ, 7 ವರ್ಷ ಮತ್ತು ಅದಕ್ಕೆ ಮೇಲ್ಪಟ್ಟವರು ಮಾತ್ರ. ಛೇದ ಯಾವುದೆಂದು ಗೊತ್ತಿಲ್ಲದೆ ಜಿಲ್ಲೆಗಳನ್ನು ವಿಭಾಗವಾರು ಒಟ್ಟುಗೂಡಿಸುವಂತಿಲ್ಲ.

ಉಪಮೊತ್ತವನ್ನು ಸರಿಯಾಗಿಯೇ ಮಾಡಿದರೂ ಕೆಲಸ ಮುಗಿಯುವುದಿಲ್ಲ ಎನ್ನುವುದಕ್ಕೆ ಒಂದು ಪ್ರಸಿದ್ಧ ದತ್ತಾಂಶವಿದೆ. ಆರ್ ಎಂಬ ಉಚಿತ ಸಂಖ್ಯಾಶಾಸ್ತ್ರ ತಂತ್ರಾಂಶದಲ್ಲಿ ಅದು ಜೊತೆಯಲ್ಲೇ ಬರುತ್ತದೆ: ಅಮೆರಿಕದ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಆರು ದೊಡ್ಡ ವಿಭಾಗಗಳಿಗೆ 1973ರಲ್ಲಿ ಅರ್ಜಿ ಹಾಕಿದ 4,526 ಮಂದಿಯ ಪ್ರವೇಶದ ಕೋಷ್ಟಕ. ಆಡ್‌ಮಾರ್ಜಿನ್ಸ್ ಎಂಬ ಒಂದೇ ಆಜ್ಞೆ ಅದಕ್ಕೆ ಎಲ್ಲ ದಿಕ್ಕಿನ ಉಪಮೊತ್ತಗಳನ್ನೂ ಸೇರಿಸುತ್ತದೆ. 2,691 ಪುರುಷರಲ್ಲಿ 1,198 ಮಂದಿಗೆ ಪ್ರವೇಶ, ಶೇ. 44.5. 1,835 ಮಹಿಳೆಯರಲ್ಲಿ 557 ಮಂದಿಗೆ, ಶೇ. 30.4. ಲೆಕ್ಕ ಸರಿಯಾಗಿದೆ, ಅನ್ಯಾಯ ಎದ್ದು ಕಾಣುತ್ತದೆ. ಆದರೆ ವಿಭಾಗವಾರು ನೋಡಿದರೆ ಆರರಲ್ಲಿ ನಾಲ್ಕು ಕಡೆ ಮಹಿಳೆಯರ ಪ್ರಮಾಣವೇ ಹೆಚ್ಚು. 'ಎ' ವಿಭಾಗದಲ್ಲಂತೂ 108 ಮಹಿಳೆಯರಲ್ಲಿ 89 ಮಂದಿಗೆ ಪ್ರವೇಶ ಸಿಕ್ಕಿದೆ, 825 ಪುರುಷರಲ್ಲಿ 512 ಮಂದಿಗೆ. ಗುಟ್ಟು ಅರ್ಜಿಗಳ ಸಂಖ್ಯೆಯಲ್ಲಿದೆ. ಸುಲಭವಾಗಿ ಪ್ರವೇಶ ಸಿಗುತ್ತಿದ್ದ ಎ ಮತ್ತು ಬಿ ವಿಭಾಗಗಳಿಗೆ ಅರ್ಧಕ್ಕಿಂತ ಹೆಚ್ಚು ಪುರುಷರು ಅರ್ಜಿ ಹಾಕಿದ್ದರು. ಮಹಿಳೆಯರು ಬರೀ 133 ಮಂದಿ. ಉಳಿದ ಮಹಿಳೆಯರೆಲ್ಲ ಪ್ರವೇಶ ಕಷ್ಟವಾಗಿದ್ದ ವಿಭಾಗಗಳ ಬಾಗಿಲಲ್ಲಿ ನಿಂತಿದ್ದರು. ಬಿಕೆಲ್, ಹ್ಯಾಮೆಲ್, ಓಕಾನಲ್ ಎಂಬ ಮೂವರು 1975ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಬರ್ಕ್ಲಿಯ ಪ್ರವೇಶದ ಅಂಕಿಅಂಶಗಳಲ್ಲಿ ಇದನ್ನೇ ಬಿಡಿಸಿ ತೋರಿಸಿದರು.

ಇದೇ ಕೋಷ್ಟಕದಲ್ಲಿ ಆರು ವಿಭಾಗಗಳ ಶೇಕಡಾವಾರುಗಳ ಸರಳ ಸರಾಸರಿ ತೆಗೆದು ನೋಡಿ: ಮಹಿಳೆಯರಿಗೆ 41.7, ಪುರುಷರಿಗೆ 38.1. ಒಂದೇ ದತ್ತಾಂಶ, ಎರಡು 'ಒಟ್ಟು' ಸಾಲು, ಎರಡು ವಿರುದ್ಧ ತೀರ್ಪು. ಕೋಷ್ಟಕದ ಒಳಗಿನ 24 ಸಂಖ್ಯೆಗಳು ಉಳಿದಿದ್ದರಿಂದಲೇ ವಾದ ಮಾಡಲು ಸಾಧ್ಯವಾಯಿತು. ಬರೀ ಶೇಕಡಾವಾರು ಉಳಿದಿದ್ದರೆ ಏನು ನಡೆಯಿತೆಂದು ಯಾರಿಗೂ ತಿಳಿಯುತ್ತಿರಲಿಲ್ಲ.

ಹಾಗಾಗಿ ನಾನು ಕೇಳುವುದು ದೊಡ್ಡ ಸುಧಾರಣೆಯನ್ನೇನೂ ಅಲ್ಲ. ಸಾಧನಾ ಪರೀಕ್ಷೆಯ ದಾಖಲೆ ಪುಸ್ತಕದಲ್ಲಿ ಫಲಿತಾಂಶದ ಕೋಷ್ಟಕದ ಮಾದರಿ ಬದಲಾಗಲಿ. ಪ್ರತಿ ಮನೆಯಲ್ಲೂ, ಮುಖ್ಯವಾಗಿ ಪ್ರತಿ ಉಪಮೊತ್ತದಲ್ಲೂ, ತೇರ್ಗಡೆಯಾದವರು ಮತ್ತು ಪರೀಕ್ಷೆ ಬರೆದವರು ಎಂಬ ಎರಡು ಸಂಖ್ಯೆಗಳಿರಲಿ. ಶೇಕಡಾವಾರಿಗೆ ಬೇರೆ ಕಂಬಸಾಲು ಬೇಕಿದ್ದರೆ ಇರಲಿ, ಆದರೆ ಅದನ್ನು ಕೊನೆಯಲ್ಲಿ ಆ ಎರಡರಿಂದಲೇ ಲೆಕ್ಕ ಹಾಕಬೇಕು. ಮಕ್ಕಳ ಸಾಲುಗಳಿರುವ ಮೂಲ ಹಾಳೆಯನ್ನೂ ಜೊತೆಗೆ ಲಗತ್ತಿಸಲಿ. ಇದರಿಂದ ಪುಟ ಹೆಚ್ಚುತ್ತದೆ, ಮೌಲ್ಯಮಾಪನ ತಡವಾಗುತ್ತದೆ ಎಂಬ ಆಕ್ಷೇಪ ಬರುತ್ತದೆ. ಬಣ್ಣದ ಸ್ತಂಭಾಲೇಖಗಳಿಗೆ ನಾವು ಕೊಡುವ ಪುಟಗಳಲ್ಲಿ ಒಂದನ್ನು ಬಿಟ್ಟುಕೊಟ್ಟರೆ ಸಾಕು. ಮಾರ್ಗದರ್ಶಕರಿಗೂ ಸಹಿ ಹಾಕುವ ಮುನ್ನ ಕೇಳಲು ಒಂದು ನೇರ ಪ್ರಶ್ನೆ ಸಿಗುತ್ತದೆ: "ಈ ಸಾಲು ಎಷ್ಟು ಮಕ್ಕಳದ್ದು?"

ಬೋಧನಾಭ್ಯಾಸದಲ್ಲಿ ಹತ್ತನೇ ತರಗತಿಗೆ ಸರಾಸರಿಯ ಪಾಠ ಸಿಕ್ಕವರು ಬರ್ಕ್ಲಿಯ ಕೋಷ್ಟಕವನ್ನು ಪ್ರಯತ್ನಿಸಬಹುದು. ಹನ್ನೆರಡು ಜೋಡಿ ಸಂಖ್ಯೆಗಳು, ಒಂದು ಕರಿಹಲಗೆಯಲ್ಲಿ ಹಿಡಿಸುತ್ತವೆ. ಅರ್ಧ ತರಗತಿ ಶೇಕಡಾವಾರುಗಳ ಸರಾಸರಿ ತೆಗೆಯಲಿ, ಇನ್ನರ್ಧ ಸಂಖ್ಯೆಗಳನ್ನು ಕೂಡಿ ಭಾಗಿಸಲಿ, ಆಮೇಲೆ ಇಬ್ಬರೂ ಜಗಳಾಡಲಿ. ಒಂದು ಅವಧಿ ಸಾಲುವುದಿಲ್ಲ. ಎರಡನೇ ಅವಧಿಯನ್ನು ಆ ಶಾಲೆಯ ಗಣಿತ ಶಿಕ್ಷಕರಿಂದ ಮೊದಲೇ ಕೇಳಿಟ್ಟುಕೊಳ್ಳಬೇಕು.