ನಮ್ಮೂರಿನಲ್ಲಿ ಯಾರೂ ಉಣ್ಣದ ಸಾರು

ಬೆಂಗಳೂರಿನ ಮಿತ್ರರೊಬ್ಬರ ಹೊಸ ಮನೆಯ ಪಡಸಾಲೆಯಲ್ಲಿ ಈಚೆಗೆ ಒಂದು ಮುದ್ರಿತ ಚಿತ್ರವನ್ನು ನೋಡುವ ಯೋಗ ಒದಗಿತು. ಕೆಂಪು-ಬಿಳಿಯ ಒಂದು ಡಬ್ಬಿ. ಅದರ ಮೇಲೆ ಅಮೆರಿಕದ ಕ್ಯಾಂಪ್‌ಬೆಲ್ ಕಂಪನಿಯ ಹೆಸರು. "ಇದು ಪಾಪ್ ಕಲೆ, ವ್ಯಾಪಾರಿ ಯುಗದ ವಿಡಂಬನೆ" ಎಂದರು. ವಿಡಂಬನೆಗೆ ಒಳ್ಳೆಯ ಕಟ್ಟು ಹಾಕಿಸಿದ್ದರು. ಸೋಫಾದ ಬಣ್ಣಕ್ಕೂ ಅದು ಹೊಂದಿತ್ತು. ಬೈಲಹೊಂಗಲದಿಂದ ಹೋದ ನಾನು ಕೇಳಿದ್ದು ಒಂದೇ ಮಾತು: "ಈ ಸಾರನ್ನು ನೀವು ಎಂದಾದರೂ ಉಂಡಿದ್ದೀರಾ?"

ಉಂಡಿರಲಿಲ್ಲ. ಆಂಡಿ ವಾರ್ಹಾಲ್ ಉಂಡಿದ್ದ. ಇಪ್ಪತ್ತು ವರ್ಷ ಮಧ್ಯಾಹ್ನಕ್ಕೆ ಅದೇ ತನ್ನ ಊಟವಾಗಿತ್ತೆಂದು ಆತನೇ ಹೇಳಿಕೊಂಡಿದ್ದಾನೆ. 1962ರಲ್ಲಿ ಲಾಸ್ ಏಂಜಲೀಸ್‌ನ ಫೆರಸ್ ಗ್ಯಾಲರಿಯಲ್ಲಿ 32 ಬಗೆಯ ಸಾರಿಗೆ 32 ಚಿತ್ರಗಳನ್ನು ಕಿರಾಣಿ ಅಂಗಡಿಯ ಹಾಗೆ ಸಾಲಾಗಿ ಜೋಡಿಸಿದಾಗ ಆತ ತೋರಿಸಿದ್ದು ತನ್ನ ಅಡುಗೆಮನೆಯನ್ನು. ಕಂಪನಿಗೆ ಸಿಟ್ಟು ಬಂತೆ? ಇಲ್ಲ ಸ್ವಾಮೀ. 1964ರಲ್ಲಿ ಮೆಚ್ಚುಗೆಯ ಕಾಗದ ಬರೆದು, ಜೊತೆಗೆ ಟೊಮೆಟೊ ಸಾರಿನ ಪೆಟ್ಟಿಗೆಗಳನ್ನು ಕಳಿಸಿಕೊಟ್ಟಿತು. ಅದೇ ವರ್ಷ ಆತ ನ್ಯೂಯಾರ್ಕಿನಲ್ಲಿ ಬ್ರಿಲೋ ಪೆಟ್ಟಿಗೆಗಳನ್ನು ಪೇರಿಸಿ ಜಗತ್ಪ್ರಸಿದ್ಧನಾದ. ಆ ಪೆಟ್ಟಿಗೆಯ ಮೂಲ ವಿನ್ಯಾಸ ಜೇಮ್ಸ್ ಹಾರ್ವಿ ಎಂಬ ಇನ್ನೊಬ್ಬ ಚಿತ್ರಕಾರನದು. ಆತ ಹೊಟ್ಟೆಪಾಡಿಗೆ ಮಾಡಿದ ಕೆಲಸ. ಹಾರ್ವಿಯ ಹೆಸರು ನಮ್ಮ ಎಷ್ಟು ಜನ ರಸಿಕರಿಗೆ ಗೊತ್ತು?

ವ್ಯಾಪಾರದ ಗುರುತನ್ನು ಚಿತ್ರಕಾರ ಎತ್ತಿಕೊಳ್ಳುವುದು ಕಳವೆಂದು ನಾನು ಹೇಳುತ್ತಿಲ್ಲ. ಮೊದಲು ಎತ್ತಿಕೊಂಡವರು ವ್ಯಾಪಾರಿಗಳೇ. ವಿಲಾಯತಿ ಗಿರಣಿಗಳು ಬಟ್ಟೆಯ ಥಾನಿನ ಮೇಲೆ ನಮ್ಮ ಲಕ್ಷ್ಮಿಯನ್ನೂ ಕೃಷ್ಣನನ್ನೂ ಅಚ್ಚುಹಾಕಿ ಅಂಟಿಸಿ ಕಳಿಸಿದವು. ನಮ್ಮ ಜನ ಆ ಚೀಟಿಗಳನ್ನು ಕಿತ್ತು ಗೋಡೆಗೆ ಹಚ್ಚಿ ಕೈಮುಗಿದರು. ಮೈಸೂರು ಸ್ಯಾಂಡಲ್ ಸಾಬೂನಿನ ಶರಭವೂ ಪುರಾಣದಿಂದ ಬಂದದ್ದು. ಇನ್ನು ನಮ್ಮ ಚೆನ್ನಮ್ಮ. 1829ರಲ್ಲಿ ಇದೇ ಬೈಲಹೊಂಗಲದಲ್ಲಿ ಸೆರೆಯಲ್ಲಿ ಪ್ರಾಣಬಿಟ್ಟವಳು ಈಗ ಕುದುರೆಯೇರಿ, ಕತ್ತಿ ಹಿರಿದು ಕ್ಯಾಲೆಂಡರುಗಳಲ್ಲಿ ನಿಂತಿದ್ದಾಳೆ. ಕೆಳಗೆ ಗೊಬ್ಬರದಂಗಡಿಯ ಹೆಸರು, ಫೋನ್ ನಂಬರು. ಯಾರ ಅಪ್ಪಣೆ ಕೇಳಿದ್ದರು?

ಎತ್ತಿಕೊಂಡ ಗುರುತು ಕಚ್ಚಬೇಕು ಎಂಬುದಷ್ಟೇ ನನ್ನ ತಕರಾರು. ಗ್ರೀನ್‌ಪೀಸ್ ಸಂಸ್ಥೆಯವರು ಒಡಿಶಾದ ಬಂದರಿನಿಂದ ಕಡಲಾಮೆಗಳಿಗೆ ಕೇಡೆಂದು ಟಾಟಾ ಗುರುತನ್ನೇ ಬಳಸಿ ಒಂದು ಆಟ ಮಾಡಿದರು. ಟಾಟಾದವರು ಮೊಕದ್ದಮೆ ಹೂಡಿದರು. 2011ರಲ್ಲಿ ದಿಲ್ಲಿ ಉಚ್ಚ ನ್ಯಾಯಾಲಯ ಅದಕ್ಕೆ ತಡೆ ಕೊಡಲು ಒಪ್ಪಲಿಲ್ಲ. ಅಲ್ಲಿ ಗುರುತು ಕಚ್ಚಿತ್ತು. ನನ್ನ ಮಿತ್ರರ ಗೋಡೆಯ ಡಬ್ಬಿಯಿಂದ ಯಾವ ಕಂಪನಿಯ ನಿದ್ದೆ ಕೆಟ್ಟೀತು?

ಚಿತ್ರಕಾರರಿಗೆ ಸರಕು ಬೇಕಿದ್ದರೆ ಸವದತ್ತಿಯ ಬಸ್ಸು ಹತ್ತಲಿ. ಎರೆನೆಲದ ಹತ್ತಿಯ ಸೀಮೆ ಇದು. ದಾರಿಯುದ್ದಕ್ಕೂ ರೈತರ ಮನೆಗಳ ಹೊರಗೋಡೆಗೆ ಬೀಜದ, ಕ್ರಿಮಿನಾಶಕದ, ಸಿಮೆಂಟಿನ ಜಾಹೀರಾತು ಬಳಿದಿದ್ದಾರೆ. ಹೊರಗೆ ನಗುವ ಕಾಯಿ, ಕಂಪನಿಯ ಗುರುತು. ಒಳಗೆ ಅದೇ ಬೀಜಕ್ಕೆ ಮಾಡಿದ ಸಾಲ. ಗೋಡೆಗೆ ಬಾಡಿಗೆ ಕೊಟ್ಟಿದ್ದಾರೆಯೇ ಎಂದು ಒಬ್ಬ ಅಜ್ಜನನ್ನು ಕೇಳಿದೆ. "ಬಣ್ಣಾ ಪುಕ್ಕಟ ಹಚ್ಚಿ ಹೋಗ್ಯಾರಲ್ರೀ ಸಾಹೇಬ್ರ" ಎಂದ.