ಬಣ್ಣ ಕಣ್ಣಿಗೆ, ಲೇಪ ನೀರಿಗೆ

ಫಿನ್ಲೆಂಡಿನ ಪೈಯಾನ್ನೆ ಸರೋವರದಲ್ಲಿ ಮೀನು ಹಿಡಿದು ಸಂಸಾರ ಸಾಗಿಸುತ್ತಿದ್ದ ಲೌರಿ ರಪಾಲಾ 1936ರಲ್ಲಿ ಒಂದು ಹುಸಿಮೀನು ಕೆತ್ತಿದರು. ಗಾಳಕ್ಕೆ ಜೀವಂತ ಎರೆಯ ಬದಲು ಕಟ್ಟುವ ಲೂರ್ ಅದು. ಕೈಯಲ್ಲಿದ್ದದ್ದು ಚಮ್ಮಾರರು ಬಳಸುವ ಚಾಕು, ಮರಳು ಕಾಗದ, ಒಂದು ತುಂಡು ಕಾರ್ಕ್. ಮೈಗೆ ಮೀನಿನ ಹೊಳಪು ಬರಲೆಂದು ಚಾಕೊಲೇಟಿಗೆ ಸುತ್ತಿದ್ದ ಬೆಳ್ಳಿಬಣ್ಣದ ಹಾಳೆಯನ್ನು ಅಂಟಿಸಿದರು. ಮೇಲೆ ಬಳಿಯಲು ವಾರ್ನಿಷ್ ಇರಲಿಲ್ಲ. ಹಳೆಯ ಫೋಟೊ ನೆಗೆಟಿವ್‌ಗಳನ್ನು ಕರಗಿಸಿ, ಆ ಪಾಕವನ್ನೇ ಲೇಪಿಸಿದರು.

ರಪಾಲಾ ಕಥೆ ಹೇಳುವವರೆಲ್ಲ ಆ ಲೂರ್ ನೀರಿನಲ್ಲಿ ಓಲಾಡುತ್ತಿದ್ದ ರೀತಿಯನ್ನು ಕೊಂಡಾಡುತ್ತಾರೆ. ಗಾಯಗೊಂಡ ಮರಿಮೀನಿನಂತೆ ಅದು ತೊನೆಯುತ್ತಿತ್ತು, ಬೇಟೆಯ ಮೀನುಗಳು ಅದಕ್ಕೇ ಎರಗುತ್ತಿದ್ದವು. 1962ರ ಆಗಸ್ಟಿನಲ್ಲಿ ಅಮೆರಿಕದ ‘ಲೈಫ್’ ಪತ್ರಿಕೆ ಈ ಲೂರ್ ಬಗ್ಗೆ ಬರೆದಾಗ, ಅದೇ ಸಂಚಿಕೆಯ ಮುಖಪುಟದಲ್ಲಿ ಆಗಷ್ಟೇ ತೀರಿಕೊಂಡಿದ್ದ ಮರ್ಲಿನ್ ಮನ್ರೋ ಇದ್ದರು. ಪತ್ರಿಕೆ ಬಿಸಿದೋಸೆಯಂತೆ ಖರ್ಚಾಯಿತು, ಲೂರ್‌ನ ಹೆಸರು ಅಮೆರಿಕದ ಮನೆಮನೆ ತಲುಪಿತು. ಕರಗಿದ ನೆಗೆಟಿವ್‌ನ ಸಂಗತಿ ಮಾತ್ರ ಇಂದಿಗೂ ಕಥೆಯ ಅಂಚಿನಲ್ಲೇ ಉಳಿದಿದೆ. ಅದು ನಡುವಿಗೆ ಬರಬೇಕು. ಬೇಟೆ ಮೀನಿನ ಹಲ್ಲಿನಿಂದ, ನೀರಿನಿಂದ ಆ ತೆಳು ಹಾಳೆಯನ್ನು ಕಾಪಾಡಿದ್ದು ಆ ಪಾರದರ್ಶಕ ಲೇಪ. ಫಿಲ್ಮಿನ ಮೂಲದ್ರವ್ಯ ಸೆಲ್ಯುಲೋಸ್. ಜಪಾನಿನ ಕುಶಲಿಗರು ಬಾಲ್ಸಾ ಮರಕ್ಕೆ ಅಲ್ಯುಮಿನಿಯಂ ಹಾಳೆ ಹೊದಿಸಿ, ಸೆಲ್ಯುಲೋಸ್ ದ್ರಾವಣದಲ್ಲಿ ಮತ್ತೆ ಮತ್ತೆ ಅದ್ದಿ ಒಣಗಿಸುವುದು ಇಂದಿಗೂ ಇದೇ ದಾರಿಯಲ್ಲಿ.

ಕಾರ್ಕ್ ತಾನಾಗಿ ನೀರು ಕುಡಿಯುವುದು ಕಡಿಮೆ. ಮುಂದೆ ಲೂರ್‌ಗೆ ಬಂದ ಬಾಲ್ಸಾ ಹಾಗಲ್ಲ. ಅದು ಹಗುರವಾಗಿರುವುದೇ ಒಳಗೆಲ್ಲ ಗಾಳಿ ತುಂಬಿರುವುದರಿಂದ. ದಾರಿ ಸಿಕ್ಕರೆ ಆ ಗಾಳಿಯ ಜಾಗಕ್ಕೆ ನೀರು ನುಗ್ಗುತ್ತದೆ. ಹತ್ತು ಗ್ರಾಂ ತೂಗುವ ಲೂರ್ ಅರ್ಧ ಗ್ರಾಂ ನೀರು ಕುಡಿದರೂ ತೇಲುವ ಕೋನ ಬದಲಾಗುತ್ತದೆ, ಓಲಾಟ ಮಂದವಾಗುತ್ತದೆ. ವಾರಗಟ್ಟಲೆ ಕೆತ್ತಿ ಸಾಧಿಸಿದ ನಡಿಗೆ ಒಂದೇ ಮಧ್ಯಾಹ್ನದಲ್ಲಿ ಹೋಗಿಬಿಡುತ್ತದೆ.

ಆದರೂ ಮನೆಯಲ್ಲಿ ಲೂರ್ ಮಾಡುವವರ ಸಂಜೆಗಳೆಲ್ಲ ಬಣ್ಣಕ್ಕೇ ಮೀಸಲು. ಏರ್‌ಬ್ರಷ್ ಹಿಡಿದು, ಸಣ್ಣ ಕಣ್ಣಿನ ಬಲೆಬಟ್ಟೆಯನ್ನು ಮೈಗೆ ಬಿಗಿದು, ಅದರ ಮೇಲೆ ಬಣ್ಣ ಊದಿ ಹುರುಪೆಯ ಚಿತ್ತಾರ ಮೂಡಿಸುತ್ತಾರೆ. ಬೆನ್ನು ಕಪ್ಪು, ಪಕ್ಕೆ ಹಸಿರು, ಹೊಟ್ಟೆ ಬೆಳ್ಳಿ. ಬಲೆ ಬಿಚ್ಚಿದಾಗ ಒಂದೊಂದು ಹುರುಪೆಯೂ ಎದ್ದು ಕಾಣುವ ಗಳಿಗೆಯ ಸಂತೋಷ ನಿಜವಾದದ್ದು, ಅದನ್ನು ಯಾರೂ ಅಲ್ಲಗಳೆಯಬೇಕಿಲ್ಲ. ಆಮೇಲೆ ಉಳಿದ ಅರ್ಧ ಗಂಟೆಯಲ್ಲಿ ಯಾವುದೋ ವಾರ್ನಿಷ್ ಒಂದು ಕೈ ಎಳೆದು ಒಣಗಲು ತೂಗುಹಾಕುತ್ತಾರೆ. ಈ ಲೆಕ್ಕ ತಿರುಗಬೇಕು. ಹೆಚ್ಚಿನ ಸಮಯ ಲೇಪಕ್ಕೆ ಸಲ್ಲಬೇಕು, ಅದರಲ್ಲೂ ಬಣ್ಣಕ್ಕೆ ಮುಂಚಿನ ಲೇಪಕ್ಕೆ.

ಕಾರಣ ಮರದ ಸ್ವಭಾವದಲ್ಲೇ ಇದೆ. ನೀರು ಕುಡಿದ ಮರ ಎಲ್ಲ ದಿಕ್ಕಿಗೂ ಒಂದೇ ಸಮ ಹಿಗ್ಗುವುದಿಲ್ಲ. ಎಳೆಯ ಉದ್ದಕ್ಕೆ ಹಿಗ್ಗುವುದು ನೂರರಲ್ಲಿ ಒಂದು ಪಾಲಿಗಿಂತಲೂ ಕಡಿಮೆ, ಎಳೆಗೆ ಅಡ್ಡಲಾಗಿ ಅದರ ಹತ್ತಾರು ಪಟ್ಟು. ಮೇಲಿನ ಬಣ್ಣದ ಪೊರೆ ಅಷ್ಟು ಎಳೆತ ತಡೆಯಲಾರದೆ ಎಳೆಯ ಗುಂಟ ಸೀಳುತ್ತದೆ. ಸೀಳಿನಿಂದ ಇನ್ನಷ್ಟು ನೀರು ಒಳಗಿಳಿಯುತ್ತದೆ. ನೀರಿನ ಮೊದಲ ದಾರಿಗಳು ಯಾವಾಗಲೂ ಅವೇ: ಕೊಕ್ಕೆ ತೂಗುವ ತಿರುಪಿನ ರಂಧ್ರ, ಮುಂದಿನ ತುಟಿಪಟ್ಟಿ ಸಿಕ್ಕಿಸುವ ಸೀಳು, ಎಳೆಗಳ ಬಾಯಿ ತೆರೆದಿರುವ ಮೂತಿ ಮತ್ತು ಬಾಲ. ಕೊಕ್ಕೆ ಅತ್ತಿತ್ತ ತೂಗಾಡುತ್ತ ಹೊಟ್ಟೆಯ ಮೇಲೆ ಕೊರೆಯುವ ಕಮಾನಿನಂಥ ಗೀರೂ ಅಷ್ಟೇ ಅಪಾಯದ್ದು. ಆದ್ದರಿಂದ ರಂಧ್ರಗಳನ್ನೆಲ್ಲ ಮೊದಲೇ ಕೊರೆದು, ಅವುಗಳ ಒಳಗೋಡೆಗೂ ಲೇಪ ಕುಡಿಸಬೇಕು. ಬಣ್ಣ ಮುಗಿದ ಮೇಲೆ ತಿರುಪು ಬಿಗಿದರೆ ಹಸಿ ಮರವನ್ನು ನೀರಿಗೆ ತೆರೆದಿಟ್ಟಂತೆಯೇ.

ಯಾವ ಲೇಪ? ತೆಳು ಸೂಪರ್ ಗ್ಲೂ ಮರದೊಳಕ್ಕೆ ಹೀರಿಕೊಂಡು, ಅಲ್ಲಿರುವ ತೇವದೊಂದಿಗೇ ಕೂಡಿ ನಿಮಿಷಗಳಲ್ಲಿ ಗಟ್ಟಿಯಾಗುತ್ತದೆ. ಮೆದು ಬಾಲ್ಸಾಗೆ ಅದು ಬಲವನ್ನೂ ಕೊಡುತ್ತದೆ. ಅಗಸೆ ಎಣ್ಣೆ ಆಳಕ್ಕೆ ಇಳಿಯುತ್ತದೆ, ಆದರೆ ಗಟ್ಟಿಯಾಗಲು ಗಾಳಿ ಬೇಕು, ದಿನಗಳು ಬೇಕು. ಅವಸರದಲ್ಲಿ ಅದರ ಮೇಲೆ ಬಳಿದ ಬಣ್ಣ ಕಚ್ಚಿ ನಿಲ್ಲುವುದಿಲ್ಲ. ಹೊರಗಿನ ಕೊನೆಯ ಪೊರೆಗೆ ಎರಡು ಭಾಗ ಬೆರೆಸುವ ಎಪಾಕ್ಸಿಗಿಂತ ಗಟ್ಟಿಮುಟ್ಟಾದದ್ದು ಮನೆಯ ಮಟ್ಟದಲ್ಲಿ ಸಿಗುವುದು ಕಷ್ಟ. ಅದು ಸುರಿದು ಒಂದೆಡೆ ಗುಡ್ಡೆಯಾಗದಂತೆ ಲೂರನ್ನು ಸಣ್ಣ ಮೋಟಾರಿಗೆ ಸಿಕ್ಕಿಸಿ, ಗಟ್ಟಿಯಾಗುವವರೆಗೆ ಗಂಟೆಗಟ್ಟಲೆ ನಿಧಾನ ತಿರುಗಿಸುತ್ತಾರೆ. ಬಿಸಿಲಿಗೆ ಎಪಾಕ್ಸಿ ಹಳದಿಯಾಗುತ್ತದೆ ಎಂಬ ದೂರು ಸರಿಯೇ. ಆದರೆ ಹಳದಿಯಾದ ಲೂರ್ ಮೀನು ಹಿಡಿಯುತ್ತದೆ, ಒಡೆದದ್ದು ಹಿಡಿಯುವುದಿಲ್ಲ.

ಬಣ್ಣದ ಬಗ್ಗೆ ಒಂದು ಸಂಗತಿ ನೆನಪಿಡಬೇಕು. ನೀರು ಕೆಂಪು ಬೆಳಕನ್ನೇ ಎಲ್ಲಕ್ಕಿಂತ ಮೊದಲು ಹೀರುತ್ತದೆ. ಕೆಲವು ಮೀಟರ್ ಆಳಕ್ಕಿಳಿದರೆ ಅಂಗೈಯಲ್ಲಿ ಕೆಂಡದಂತಿದ್ದ ಲೂರ್ ಮಸಕು ಕಪ್ಪಾಗುತ್ತದೆ. ಅಲ್ಲಿ ಉಳಿಯುವುದು ಆಕಾರ, ಬೆಳಕು ನೆರಳಿನ ಅಂತರ, ಚಲನೆ. ಈ ಮೂರರಲ್ಲಿ ಚಲನೆಯನ್ನು ಕಾಯುವುದು ಲೇಪವೇ.

ಅಮೆರಿಕದ ಮಿಷಿಗನ್ ರಾಜ್ಯದ ಡೊವಾಜಿಯಾಕ್ ಊರಿನ ಜೇಮ್ಸ್ ಹೆಡನ್ ಜೇನು ಸಾಕುತ್ತಿದ್ದವರು. ಅವರು 1890ರ ದಶಕದ ಕೊನೆಯಲ್ಲಿ ಮರದ ಕಪ್ಪೆ ಕೆತ್ತಿ ಗಾಳಕ್ಕೆ ಕಟ್ಟಿದರು, ಮುಂದೆ ಅದೇ ದೊಡ್ಡ ಉದ್ಯಮವಾಯಿತು. ಆ ಕಾಲದ ಗಾಜಿನ ಕಣ್ಣಿನ ಲೂರ್‌ಗಳನ್ನು ಇಂದು ಸಂಗ್ರಾಹಕರು ಹುಡುಕಿ ಕೊಳ್ಳುತ್ತಾರೆ. ಬೆಲೆ ಕಟ್ಟುವ ಮುನ್ನ ಅವರು ನೋಡುವುದು ಬಣ್ಣ ಎಲ್ಲೆಲ್ಲಿ ಬಿರುಕುಬಿಟ್ಟಿದೆ, ಎಲ್ಲಿ ಎದ್ದುಬಂದಿದೆ ಎಂಬುದನ್ನು. ಒಂದೇ ಮಾದರಿಯ ಎರಡು ಲೂರ್‌ಗಳ ಬೆಲೆ ಈ ಒಂದೇ ಕಾರಣಕ್ಕೆ ಆಕಾಶ ಭೂಮಿಯಷ್ಟು ಬೇರೆಯಾಗುತ್ತದೆ.

ಮರದ ಮೈಗೆ ಪೊರೆ ಹಾಕುವುದೇ ಒಂದು ವಿದ್ಯೆ ಎಂದು ಕನ್ನಡಿಗರಿಗೆ ಹೊಸದಾಗಿ ಹೇಳಬೇಕಿಲ್ಲ. ಚನ್ನಪಟ್ಟಣದಲ್ಲಿ ಹಾಲೆ ಮರದ ತುಂಡು ಲೇತ್‌ನಲ್ಲಿ ತಿರುಗುತ್ತಿರುವಾಗಲೇ ಬಣ್ಣ ಬೆರೆತ ಅರಗಿನ ಕಡ್ಡಿಯನ್ನು ಒತ್ತಿಹಿಡಿಯುತ್ತಾರೆ. ಉಜ್ಜಾಟದ ಬಿಸಿಗೆ ಅರಗು ಕರಗಿ ಮೈಗೆ ಹರಡುತ್ತದೆ, ತಾಳೆಗರಿಯಿಂದ ಉಜ್ಜಿದಾಗ ಹೊಳಪೇರುತ್ತದೆ. ಬಣ್ಣ ಮತ್ತು ಲೇಪ ಅಲ್ಲಿ ಬೇರೆಬೇರೆ ಕೆಲಸಗಳೇ ಅಲ್ಲ. ಅದೇ ಅರಗನ್ನು ಲೂರ್‌ಗೂ ಹಚ್ಚಬಹುದಲ್ಲ ಎಂದು ಯಾರಿಗಾದರೂ ತೋಚಬಹುದು. ಆದರೆ ಅರಗು ನೀರಿನಲ್ಲಿ ಹೆಚ್ಚು ಹೊತ್ತು ನೆನೆದರೆ ಬಿಳಿಚಿಕೊಳ್ಳುತ್ತದೆ. ಮಗುವಿನ ಕೈಯಲ್ಲಿ ವರ್ಷಗಟ್ಟಲೆ ಬಾಳುವ ಪೊರೆ ಹೊಳೆಯಲ್ಲಿ ಬಾಳಲಾರದು. ಅಲ್ಲಿಂದ ಕಲಿಯಬೇಕಾದದ್ದು ವಸ್ತುವನ್ನಲ್ಲ, ಲೇಪಕ್ಕೆ ಅವರು ಕೊಡುವ ಗಮನವನ್ನು. ನಮ್ಮ ಮಳೆಗಾಲದ ತೇವ ಎಪಾಕ್ಸಿಗೂ ತೊಡಕೇ. ಗಟ್ಟಿಯಾಗುವಾಗ ಮೇಲೆ ಮೇಣದಂಥ ಪದರ ಮೂಡಬಹುದು, ಅದನ್ನು ತೊಳೆದು ಉಜ್ಜದೆ ಇನ್ನೊಂದು ಪೊರೆ ಹಾಕಿದರೆ ಅದು ಸಿಪ್ಪೆಯಂತೆ ಏಳುತ್ತದೆ.

ಲೇಪ ಸರಿಯಾಗಿದೆಯೇ ಎಂದು ಅಂದಾಜಿನಲ್ಲಿ ನಂಬುವುದು ಬೇಡ. ಚಿನ್ನದಂಗಡಿಯಲ್ಲಿರುವಂಥ ಸಣ್ಣ ತಕ್ಕಡಿಯಲ್ಲಿ ಬಣ್ಣ ಹಾಕುವ ಮುನ್ನ ಲೂರನ್ನು ತೂಗಿ, ರಾತ್ರಿಯಿಡೀ ನೀರಿನಲ್ಲಿ ಮುಳುಗಿಸಿಟ್ಟು, ಬೆಳಿಗ್ಗೆ ಒರೆಸಿ ಮತ್ತೆ ತೂಗಬೇಕು. ತೂಕ ಏರಿದ್ದರೆ ಪೂರ್ತಿ ಒಣಗಿಸಿ ಇನ್ನೊಂದು ಪೊರೆ. ಬಣ್ಣ ಹಾಕಿದ ಮೇಲೆ ಈ ತಿದ್ದುಪಡಿಗೆ ಅವಕಾಶವಿಲ್ಲ.

ಕೈಗಳ, ಶ್ವಾಸದ ಮಾತನ್ನು ಇನ್ನೂ ಗಟ್ಟಿಯಾಗಿ ಹೇಳಬೇಕು. ಗಟ್ಟಿಯಾಗದ ಎಪಾಕ್ಸಿ ಚರ್ಮಕ್ಕೆ ಮತ್ತೆ ಮತ್ತೆ ತಗುಲಿದರೆ ಅಲರ್ಜಿ ಅಂಟುತ್ತದೆ, ಅಂಟಿದ ಮೇಲೆ ಸಾಮಾನ್ಯವಾಗಿ ಬಿಟ್ಟುಹೋಗುವುದಿಲ್ಲ. ಕಾರಿಗೆ ಹೊಡೆಯುವ ಎರಡು ಭಾಗದ ಪಾಲಿಯುರಿಥೇನ್‌ನಲ್ಲಿ ಐಸೊಸಯನೇಟ್ ಇರುತ್ತದೆ. ಅದರ ತುಂತುರು ಆಸ್ತಮಾ ತರಬಲ್ಲದು, ಮಲಗುವ ಕೋಣೆಯ ಮೂಲೆಯಲ್ಲಿ ಅದನ್ನು ಸ್ಪ್ರೇ ಮಾಡಲೇಬಾರದು. ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆದರೆ ಅದು ತನ್ನಷ್ಟಕ್ಕೆ ಬಿಸಿಯೇರಿ ಹೊತ್ತಿಕೊಳ್ಳಬಹುದು. ಬಯಲಿನಲ್ಲಿ ಹರಡಿ ಒಣಗಿಸಬೇಕು, ಇಲ್ಲವೇ ನೀರಿನಲ್ಲಿ ಮುಳುಗಿಸಿಡಬೇಕು. ಹವ್ಯಾಸ ಕಲಿಸುವವರು ಹುರುಪೆಯ ಚಿತ್ತಾರಕ್ಕೂ ಮುಂಚೆ ಇವನ್ನು ಕಲಿಸಬೇಕು.

ಲೂರ್‌ನ ಹೊಟ್ಟೆಯಲ್ಲಿ ತೂಕಕ್ಕೆಂದು ಹುದುಗಿಸುವ ಸೀಸವೂ ಇದೇ ಚರ್ಚೆಗೆ ಸೇರಿದ್ದು. ಗಾಳದ ಸೀಸದ ಗುಂಡುಗಳನ್ನು ನುಂಗಿ ಹಂಸಗಳು ಸಾಯುತ್ತಿವೆ ಎಂದು ಬ್ರಿಟನ್ 1987ರಲ್ಲೇ ಸಣ್ಣ ಸೀಸದ ತೂಕಗಳ ಮಾರಾಟ ನಿಲ್ಲಿಸಿತು. ಮರದೊಳಗೆ ಹುದುಗಿದ ಸೀಸವನ್ನು ಹಕ್ಕಿ ನುಂಗಲಾರದು, ನಿಜ. ಆದರೆ ದಾರ ಹರಿದು ಕೆರೆಯ ತಳ ಸೇರಿದ ಲೂರ್‌ನ ಲೇಪ ಒಂದಲ್ಲ ಒಂದು ದಿನ ಒಡೆಯುತ್ತದೆ, ಮರ ಕೊಳೆಯುತ್ತದೆ, ಸೀಸ ಅಲ್ಲೇ ಉಳಿಯುತ್ತದೆ. ಟಂಗ್‌ಸ್ಟನ್ ದುಬಾರಿ, ಆದರೂ ಒಂದು ಲೂರ್‌ಗೆ ಬೇಕಾದದ್ದು ಕೆಲವೇ ಗ್ರಾಂ. ಸೀಸದ ಸಾಂದ್ರತೆ ನೀರಿನ 11 ಪಟ್ಟಾದರೆ ಟಂಗ್‌ಸ್ಟನ್‌ನದು 19 ಪಟ್ಟು. ಅಷ್ಟೇ ತೂಕಕ್ಕೆ ಇನ್ನೂ ಚಿಕ್ಕ ಗುಳಿ ಸಾಕು, ಲೇಪದಿಂದ ಮುಚ್ಚಬೇಕಾದ ಬಾಯಿಯೂ ಅಷ್ಟು ಕಿರಿದಾಗುತ್ತದೆ.