ಮೀನು ಸತ್ತಿದ್ದು ದೃಷ್ಟಿ ತಾಗಿ ಅಲ್ಲ

ಸಂಕಟವನ್ನು ಹೇಳಬೇಕಾದಾಗ ನಾವು ‘ನೀರಿನಿಂದ ತೆಗೆದ ಮೀನಿನ ಹಾಗೆ’ ಎನ್ನುತ್ತೇವೆ. ಆ ಮಾತಿನೊಳಗೆ ಒಂದು ನಂಬಿಕೆ ಕೂತಿದೆ: ಮೀನು ನೀರಿನಲ್ಲಿದ್ದರೆ ಆಯಿತು, ಸುಖವಾಗಿದೆ ಎಂದೇ ಅರ್ಥ. ಹೊಳೆ, ಕೆರೆ, ಬಾವಿಗಳ ಮೀನನ್ನು ಕಂಡವರು ಕಟ್ಟಿದ ಮಾತು ಅದು, ಅಲ್ಲಿಗೆ ಸರಿಯೇ. ಆದರೆ ನಮ್ಮ ಮನೆಯ ಹಜಾರದಲ್ಲಿ, ದಂತವೈದ್ಯರ ಕ್ಲಿನಿಕ್ಕಿನಲ್ಲಿ, ಹೋಟೆಲಿನ ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿ ಇರುವ ಗಾಜಿನ ತೊಟ್ಟಿಯ ಮೀನು ನೀರಿನಿಂದ ಹೊರಬಿದ್ದು ಸಾಯುವುದಿಲ್ಲ. ಅದು ನೀರಿನೊಳಗೇ ಸಾಯುತ್ತದೆ, ನೀರಿನಿಂದಲೇ ಸಾಯುತ್ತದೆ. ಹೊಸ ಅಕ್ವೇರಿಯಂ ತಂದ ಮೊದಲ ತಿಂಗಳಲ್ಲಿ ಸಾಯುವ ಬಹುಪಾಲು ಮೀನುಗಳ ಸಾವಿಗೆ ಕಾರಣ ಗೊತ್ತಿರುವಂಥದ್ದು, ತಪ್ಪಿಸಬಹುದಾದಂಥದ್ದು. ಆ ಕಾರಣವನ್ನು ಹೇಳದೆ ಮಾರುವ ವ್ಯಾಪಾರದ ಮೇಲೆ ನನಗೆ ತಕರಾರಿದೆ. ಅದಕ್ಕಿಂತ ದೊಡ್ಡ ತಕರಾರು, ಆ ವ್ಯಾಪಾರಕ್ಕೆ ಕಾವಲು ನಿಂತಿರುವ ನಮ್ಮ ನಂಬಿಕೆಯ ಮೇಲೆ.

ನಾನು ಓದುತ್ತಿರುವುದು ಕನ್ನಡ ಸಾಹಿತ್ಯ, ಜೀವಶಾಸ್ತ್ರವಲ್ಲ. ಮೈಸೂರಿನ ನನ್ನ ಬಾಡಿಗೆ ಕೋಣೆಯಲ್ಲಿ ಎರಡು ಅಡಿಯ ತೊಟ್ಟಿಯೊಂದು ಮೂರು ವರ್ಷದಿಂದ ನೆಮ್ಮದಿಯಾಗಿದೆ ಎಂಬ ಒಂದೇ ಅರ್ಹತೆಯ ಮೇಲೆ ಗೆಳೆಯರ ವಲಯದಲ್ಲಿ ನನಗೆ ಮೀನಿನ ಡಾಕ್ಟರು ಎಂಬ ಬಿರುದು ಬಂದಿದೆ. ಹಾಗಾಗಿ ಫೋನು ಬರುತ್ತಿರುತ್ತವೆ. “ಅಕ್ಕ, ನೀರು ಹಾಲಿನ ಥರ ಬೆಳ್ಳಗಾಗಿಬಿಟ್ಟಿದೆ.” “ಮೇಲೆ ಬಂದು ಬಾಯಿ ಬಾಯಿ ಬಿಡ್ತಿದೆ ಕಣೇ.” “ನಿನ್ನೆ ತಾನೇ ಕಲ್ಲು, ಫಿಲ್ಟರು ಎಲ್ಲಾ ಉಜ್ಜಿ ತೊಳೆದು ಹೊಸ ನೀರು ಹಾಕಿದ್ದೆ, ಬೆಳಿಗ್ಗೆ ಎದ್ದು ನೋಡಿದರೆ ಮೂರೂ ತೇಲ್ತಾ ಇವೆ.” ನಾನು ಮೊದಲು ಕೇಳುವುದು ಒಂದೇ ಪ್ರಶ್ನೆ: ತೊಟ್ಟಿ ತಂದು ಎಷ್ಟು ದಿನವಾಯಿತು? ಉತ್ತರಗಳು ಒಂದು ವಾರ, ಹತ್ತು ದಿನ, ಹೆಚ್ಚೆಂದರೆ ಮೂರು ವಾರ. ಎರಡನೆಯ ಪ್ರಶ್ನೆ: ಮೀನು ತಂದದ್ದು ಯಾವಾಗ? “ಅದೇ ದಿನ. ಒಟ್ಟಿಗೇ ಕೊಟ್ಟರು.”

ಆ ‘ಒಟ್ಟಿಗೇ ಕೊಟ್ಟರು’ ಎಂಬುದರಲ್ಲೇ ಎಲ್ಲವೂ ಇದೆ. ಮೀನು ತನ್ನ ಕಿವಿರಿನ ಮೂಲಕ ಸದಾ ಅಮೋನಿಯಾವನ್ನು ಹೊರಹಾಕುತ್ತಿರುತ್ತದೆ. ತಿನ್ನದೆ ಉಳಿದ ಆಹಾರ ಕೊಳೆತರೂ ಬರುವುದು ಅದೇ. ಹೊಳೆಯಲ್ಲಿ ಅದು ಹರಿದುಹೋಗುತ್ತದೆ. ಗಾಜಿನ ನಾಲ್ಕು ಗೋಡೆಯೊಳಗೆ ಎಲ್ಲಿಗೂ ಹೋಗುವುದಿಲ್ಲ. ಅದನ್ನು ತಿನ್ನುವ ಬ್ಯಾಕ್ಟೀರಿಯಾಗಳಿವೆ. ಒಂದು ಬಗೆಯವು ಅಮೋನಿಯಾವನ್ನು ನೈಟ್ರೈಟ್ ಮಾಡುತ್ತವೆ, ಇನ್ನೊಂದು ಬಗೆಯವು ನೈಟ್ರೈಟನ್ನು ನೈಟ್ರೇಟ್ ಮಾಡುತ್ತವೆ. ಮೊದಲನೆಯದು ಕಿವಿರನ್ನು ಸುಡುತ್ತದೆ. ಎರಡನೆಯದು ರಕ್ತಕ್ಕೆ ಸೇರಿ ಅದು ಆಮ್ಲಜನಕ ಹೊರಲಾರದಂತೆ ಮಾಡುತ್ತದೆ. ಮೂರನೆಯದು ಅಷ್ಟು ಅಪಾಯದ್ದಲ್ಲ. ವಾರಕ್ಕೊಮ್ಮೆ ಕಾಲುಭಾಗ ನೀರು ಬದಲಿಸಿದರೆ, ಒಂದಿಷ್ಟು ಗಿಡಗಳಿದ್ದರೆ ಹತೋಟಿಯಲ್ಲಿರುತ್ತದೆ. ಈ ಬ್ಯಾಕ್ಟೀರಿಯಾಗಳು ಅಂಗಡಿಯ ಹೊಸ ತೊಟ್ಟಿಯಲ್ಲಿ ಇರುವುದಿಲ್ಲ. ಕಲ್ಲು, ಮರಳು, ಫಿಲ್ಟರಿನ ಸ್ಪಾಂಜುಗಳ ಮೇಲೆ ಅವು ನೆಲೆಯೂರಲು ನಾಲ್ಕರಿಂದ ಆರು ವಾರ ಬೇಕು.

ಇದು ನಮಗೆ ಅರ್ಥವಾಗದ ವಿಜ್ಞಾನವೇನಲ್ಲ. ಹಾಲಿಗೆ ಹೆಪ್ಪು ಹಾಕಿ ರಾತ್ರಿಯಿಡೀ ಕಾಯುವವರು ನಾವು. ಮಾಗಿಯ ಚಳಿಗೆ ಇಡ್ಲಿ ಹಿಟ್ಟು ಉಬ್ಬದಿದ್ದರೆ ಇನ್ನೂ ನಾಲ್ಕು ಗಂಟೆ ಬಿಡುತ್ತೇವೆಯೇ ಹೊರತು ಯಾರ ಕಣ್ಣು ಬಿತ್ತೋ ಎನ್ನುವುದಿಲ್ಲ. ಕಣ್ಣಿಗೆ ಕಾಣದ ಜೀವಿಗಳು ತಮ್ಮ ಹೊತ್ತಿಗೆ ತಮ್ಮ ಕೆಲಸ ಮಾಡುತ್ತವೆ ಎಂದು ಪ್ರತಿ ಅಡುಗೆಮನೆಗೂ ಗೊತ್ತು. ತೊಟ್ಟಿಗೂ ಹೆಪ್ಪು ಹಾಕಬಹುದು: ಚೆನ್ನಾಗಿ ನಡೆಯುತ್ತಿರುವ ಹಳೆಯ ತೊಟ್ಟಿಯೊಂದರ ಸ್ಪಾಂಜಿನ ತುಂಡನ್ನು ಹೊಸ ಫಿಲ್ಟರಿನಲ್ಲಿಟ್ಟರೆ ಕಾಯುವ ದಿನಗಳು ಕಡಿಮೆಯಾಗುತ್ತವೆ. ಹೀಗಿರುವಾಗ ಗಾಜಿನ ಮುಂದೆ ನಿಂತ ಕೂಡಲೇ ನಮ್ಮ ಅಡುಗೆಮನೆಯ ಬುದ್ಧಿ ಎಲ್ಲಿ ಹೋಗುತ್ತದೆ?

ಅಂಗಡಿಗೆ ಹೋಗೋಣ. ಒಬ್ಬ ಕಿರಿಯ ಗೆಳತಿಗೆ ತೊಟ್ಟಿ ಕೊಡಿಸಲು ಹೋದಾಗ ನಾನು ಅಂಗಡಿಯವರನ್ನು ಕೇಳಿದೆ: “ಅಣ್ಣ, ಮೀನು ಇವತ್ತೇ ಬಿಡಬಹುದಾ?” “ಬಿಡಿ ಮೇಡಂ, ಏನಾಗಲ್ಲ. ಎರಡು ಹನಿ ಆಂಟಿ ಕ್ಲೋರಿನ್ ಹಾಕಿ, ಆಯ್ತು.” “ಸತ್ತರೆ?” “ಬನ್ನಿ, ಕಮ್ಮಿ ಮಾಡಿ ಇನ್ನೊಂದು ಜೊತೆ ಕೊಡ್ತೀನಿ.” ಇದರಲ್ಲಿ ಸಿಟ್ಟಾಗಲೀ ಮೋಸದ ದನಿಯಾಗಲೀ ಇರಲಿಲ್ಲ. ಸಾವು ಆ ವ್ಯಾಪಾರದ ಲೆಕ್ಕದೊಳಗೇ ಇತ್ತು. ಆ ಹನಿಗಳು ನಲ್ಲಿನೀರಿನ ಕ್ಲೋರಿನ್ ತೆಗೆಯುತ್ತವೆ ನಿಜ, ಬೇಕಾದ್ದೇ. ಆದರೆ ಅಮೋನಿಯಾ ತಿನ್ನುವ ಜೀವಿಗಳನ್ನು ಅವು ತಂದುಕೊಡುವುದಿಲ್ಲ.

ಈಗ ದಿನಗಳನ್ನು ಎಣಿಸಿ ನೋಡಿ. ಮೊದಲ ಜೋಡಿ ಮೂರು ದಿನ ಚೆನ್ನಾಗಿಯೇ ಇರುತ್ತದೆ, ಯಾಕೆಂದರೆ ವಿಷ ಇನ್ನೂ ಸೇರುತ್ತಿದೆ. ವಾರದ ಹೊತ್ತಿಗೆ ಅಮೋನಿಯಾ ಏರಿ ಅವು ಸಾಯುತ್ತವೆ. ಎರಡನೆಯ ಜೋಡಿ ಬರುವಾಗ ನೈಟ್ರೈಟ್ ಏರುತ್ತಿರುತ್ತದೆ, ಅವೂ ಹೋಗುತ್ತವೆ. ಮೂರನೆಯ ಜೋಡಿ ಬರುವ ಹೊತ್ತಿಗೆ ಬ್ಯಾಕ್ಟೀರಿಯಾ ನೆಲೆಯೂರಿರುತ್ತವೆ, ಅವು ಬದುಕುತ್ತವೆ. ಮನೆಯವರು ಹೇಳುತ್ತಾರೆ: ಈ ಸಲ ಒಳ್ಳೆಯ ಗಳಿಗೆಯಲ್ಲಿ ತಂದೆವು. ಮೊದಲ ನಾಲ್ಕು ಮೀನುಗಳನ್ನೇ ಹೆಪ್ಪಾಗಿ ಬಳಸಿದೆವು ಎಂದು ಯಾರಿಗೂ ಹೊಳೆಯುವುದಿಲ್ಲ. ಅಂಗಡಿಗೆ ಮೂರು ಸಲ ವ್ಯಾಪಾರವಾಯಿತು.

ವ್ಯಾಪಾರಿಯೊಬ್ಬನೇ ಇದನ್ನು ನಡೆಸಲಾರ. ಕಾರಣ ಕೇಳದ ಗಿರಾಕಿ ಬೇಕು. ಆ ಗಿರಾಕಿಯನ್ನು ತಯಾರು ಮಾಡಿಕೊಟ್ಟಿರುವುದು ‘ವಾಸ್ತು ಮೀನು’. ಗೆಳತಿಯ ಮನೆಯಲ್ಲಿ ಮೀನು ಸತ್ತಾಗ ಅವಳ ಅಮ್ಮ ಅಂದದ್ದು: “ಬಿಡು ಮಗಾ, ಮನೆಗೆ ಬರೋ ಕಂಟಕ ಅದು ತಗೊಂಡು ಹೋಯ್ತು.” ಈ ಮಾತನ್ನು ನಾನು ಬೇರೆ ಬೇರೆ ಮನೆಗಳಲ್ಲಿ ಕೇಳಿದ್ದೇನೆ. ಎಷ್ಟು ಅನುಕೂಲದ ನಂಬಿಕೆ! ಮೀನು ಬದುಕಿದರೆ ಲಕ್ಷ್ಮಿ ಬಂದಳು, ಸತ್ತರೆ ಪೀಡೆ ಹೋಯಿತು. ಎರಡೂ ಕಡೆ ಲಾಭ. ಮೀನಿಗೆ ಮಾತ್ರ ನಷ್ಟ. ಸಾವಿಗೇ ಶುಭ ಎಂದು ಹೆಸರಿಟ್ಟ ಮೇಲೆ ನೀರಿನ ಬಗ್ಗೆ ಯಾರು ಕೇಳುತ್ತಾರೆ? ಇದನ್ನು ಪುರಾತನ ಶಾಸ್ತ್ರವೆಂದು ನಂಬಿರುವವರಿಗೆ ಒಂದು ಮಾತು. ಹಣೆಯುಬ್ಬಿದ ಫ್ಲವರ್‌ಹಾರ್ನ್ ಮೀನನ್ನು ಅದೃಷ್ಟದ ಮೀನೆಂದು ದುಬಾರಿ ಬೆಲೆಗೆ ಮಾರುತ್ತಾರಲ್ಲ, ಅದು 1990ರ ದಶಕದಲ್ಲಿ ಮಲೇಷ್ಯಾದಲ್ಲಿ ಮನುಷ್ಯರು ಮಾಡಿದ ಮಿಶ್ರತಳಿ. ನನಗಿಂತ ಸ್ವಲ್ಪವೇ ಹಿರಿಯದಾದ ಈ ಮೀನು ಯಾವ ಪ್ರಾಚೀನ ಗ್ರಂಥದಲ್ಲಿ ಇರಲು ಸಾಧ್ಯ?

ನಮ್ಮಲ್ಲಿ ಮೀನಿನ ಸಾವಿಗೆ ಬೇರೊಂದು ಬಗೆಯ ಸ್ಪಂದನವೂ ಇತ್ತು. ಬೆಳ್ತಂಗಡಿ ತಾಲ್ಲೂಕಿನ ಶಿಶಿಲದಲ್ಲಿ ದೇವಸ್ಥಾನದ ಪಕ್ಕದ ಕಪಿಲಾ ಹೊಳೆಯ ಮೀನುಗಳನ್ನು ಯಾರೂ ಹಿಡಿಯುವುದಿಲ್ಲ. 1996ರಲ್ಲಿ ಅಲ್ಲಿ ನೀರಿಗೆ ವಿಷ ಬೆರೆತು ಸಾವಿರಾರು ಮೀನುಗಳು ಸತ್ತವು. ಊರವರು ಅದನ್ನು ಕಂಟಕ ಕಳೆಯಿತೆಂದು ಸಂಭ್ರಮಿಸಲಿಲ್ಲ. ಸತ್ತ ಮೀನುಗಳಿಗೆ ಸ್ಮಾರಕ ಕಟ್ಟಿದರು. ಹೊಳೆಯ ನೀರಿಗೆ ವಿಷ ಸೇರಿದರೆ ಅಪರಾಧ, ಹಜಾರದ ತೊಟ್ಟಿಯ ನೀರಿಗೆ ವಿಷ ಸೇರಿದರೆ ಅದೃಷ್ಟ! ಎರಡೂ ಕಡೆ ಸತ್ತದ್ದು ಮೀನೇ. ದೇವರ ಮೀನನ್ನು ಕಾಯುವ ನಾಡಿನಲ್ಲಿ ಕೊಂಡುತಂದ ಮೀನಿಗೆ ಅಷ್ಟು ಮರ್ಯಾದೆಯೂ ಇಲ್ಲವೇ?

ಸತ್ತ ಮೇಲೆ ಕೊಡುವ ಚಿಕಿತ್ಸೆಗಳೂ ಇದೇ ಜಾತಿಯವು. ನೀರು ಬೆಳ್ಳಗಾದರೆ ಪೂರಾ ಖಾಲಿ ಮಾಡಿ ತೊಳೆಯಿರಿ ಎನ್ನುತ್ತಾರೆ. ಹೊಸ ತೊಟ್ಟಿಯ ಬಿಳಿ ಮಬ್ಬು ಸಾಮಾನ್ಯವಾಗಿ ಬ್ಯಾಕ್ಟೀರಿಯಾಗಳ ಹಠಾತ್ ಬೆಳವಣಿಗೆ. ಆಹಾರ ಕಡಿಮೆ ಮಾಡಿ ಬಿಟ್ಟರೆ ಕೆಲವು ದಿನಗಳಲ್ಲಿ ತಾನೇ ತಿಳಿಯಾಗುತ್ತದೆ. ಕಲ್ಲು, ಸ್ಪಾಂಜುಗಳನ್ನು ನಲ್ಲಿಯ ಕೆಳಗೆ ಹಿಡಿದು ಉಜ್ಜಿದರೆ, ನೆಲೆಯೂರುತ್ತಿದ್ದ ಉಪಕಾರಿ ಜೀವಿಗಳೂ ಚರಂಡಿಗೆ ಹೋಗಿ ಲೆಕ್ಕ ಮತ್ತೆ ಮೊದಲಿನಿಂದ ಶುರು. ಸ್ಪಾಂಜನ್ನು ತೊಟ್ಟಿಯಿಂದ ತೆಗೆದ ಹಳೆಯ ನೀರಿನಲ್ಲೇ ಹಿಂಡಬೇಕು. ಮೀನು ಮೇಲೆ ಬಂದು ಬಾಯಿ ಬಿಟ್ಟರೆ ನೀಲಿ ಔಷಧಿ ಕೊಡುತ್ತಾರೆ. ಕಿವಿರು ಸುಟ್ಟಿರುವ ಮೀನಿಗೆ ಬೇಕಾದದ್ದು ಕ್ಲೋರಿನ್ ತೆಗೆದ ಹೊಸ ನೀರು ಮತ್ತು ಗಾಳಿ. ಪಾಚಿ ಕಟ್ಟಿದರೆ ‘ಟ್ಯಾಂಕ್ ಕ್ಲೀನರ್’ ಮೀನು ಮಾರುತ್ತಾರೆ. ದಕ್ಷಿಣ ಅಮೆರಿಕದ ಆ ಮೀನು ಒಂದು ಅಡಿಗೂ ಮೀರಿ ಬೆಳೆಯುತ್ತದೆ, ಕಸ ತಿನ್ನುವುದಕ್ಕಿಂತ ಹೆಚ್ಚು ಕಸ ಮಾಡುತ್ತದೆ. ಸಾಕಲಾಗದವರು ಅದನ್ನು ಕೆರೆಗೆ ಬಿಡುತ್ತಾರೆ. ಈಗ ಅದು ದಕ್ಷಿಣ ಭಾರತದ ಹಲವು ಕೆರೆ, ಜಲಾಶಯಗಳಲ್ಲಿ ಮೀನುಗಾರರ ಬಲೆ ಹರಿಯುತ್ತಿದೆ. ಪಾಚಿಗೆ ಮದ್ದು ಬೆಳಕನ್ನು ಕಡಿಮೆ ಮಾಡುವುದು. ಆದರೆ ಅದರಲ್ಲಿ ಮಾರಲು ಏನೂ ಇಲ್ಲ.

ಚರಿತ್ರೆಯನ್ನು ನೋಡಿದರೆ ಇನ್ನೂ ವಿಚಿತ್ರ. ಮನೆಯ ಅಕ್ವೇರಿಯಂ ಎಂಬ ಕಲ್ಪನೆಗೆ ದಾರಿ ಮಾಡಿದವರಲ್ಲಿ ಒಬ್ಬ ಲಂಡನ್ನಿನ ರಸಾಯನ ವಿಜ್ಞಾನಿ ರಾಬರ್ಟ್ ವಾರಿಂಗ್ಟನ್. ಎರಡು ಗೋಲ್ಡ್‌ಫಿಶ್, ವ್ಯಾಲಿಸ್ನೇರಿಯಾ ಎಂಬ ನೀರುಗಿಡ, ಕೊಳೆತ ಎಲೆ ತಿನ್ನಲು ಬಸವನಹುಳುಗಳನ್ನು ಒಟ್ಟಿಗಿಟ್ಟು, ಒಂದು ಜೀವ ಇನ್ನೊಂದನ್ನು ಹೇಗೆ ಉಳಿಸುತ್ತದೆ ಎಂಬುದನ್ನು ಆತ 1850ರಲ್ಲಿ ಮಂಡಿಸಿದ. ಅಂದರೆ ಮೀನಿನ ತೊಟ್ಟಿ ಹುಟ್ಟಿದ್ದೇ ನೀರಿನೊಳಗಿನ ಸಮತೋಲನವನ್ನು ಅರಿಯುವ ಪ್ರಯತ್ನವಾಗಿ. ನಾವು ಗಾಜನ್ನು ಉಳಿಸಿಕೊಂಡು ಅರಿವನ್ನು ಬಿಟ್ಟೆವು. ಮೂರು ಲೀಟರಿನ ದುಂಡು ಬಟ್ಟಲಿನಲ್ಲಿ ಗೋಲ್ಡ್‌ಫಿಶ್ ಇಡುವುದು ಆ ಮರೆವಿನ ತುತ್ತತುದಿ. ಹತ್ತು ವರ್ಷಕ್ಕೂ ಹೆಚ್ಚು ಬದುಕಿ ಗೇಣುದ್ದ ಬೆಳೆಯಬಲ್ಲ ಮೀನು ಅದು.

ಆಕ್ಷೇಪಗಳು ಬರುತ್ತವೆ. ಮೊದಲನೆಯದು, ಇಪ್ಪತ್ತು ರೂಪಾಯಿಯ ಮೀನಿಗೆ ಇಷ್ಟೆಲ್ಲ ಮಾತೇ? 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆ ಮನುಷ್ಯನನ್ನು ಬಿಟ್ಟು ಉಳಿದ ಯಾವುದೇ ಜೀವಿಯನ್ನೂ ‘ಪ್ರಾಣಿ’ ಎನ್ನುತ್ತದೆ. ಅಲ್ಲಿ ಬೆಲೆಪಟ್ಟಿ ಇಲ್ಲ. ಎರಡನೆಯದು, ತಿನ್ನುವವರು ದಿನವೂ ಕೊಲ್ಲುವುದಿಲ್ಲವೇ? ನಾನು ಮೀನು ತಿನ್ನುವ ಮನೆಯವಳು. ನಮ್ಮ ಮನೆಯಲ್ಲಿ ಮೀನು ತಿಂದು ಅದನ್ನು ಊಟ ಎಂದಿದ್ದೇವೆ, ಪ್ರೀತಿ ಎಂದಿಲ್ಲ. ತಿನ್ನುವವರನ್ನು ಹಿಂಸಕರೆಂದು ಮೂಗು ಮುರಿಯುವ, ಮೀನು ತಿನ್ನುವವರಿಗೆ ಬಾಡಿಗೆಗೆ ಮನೆ ಕೊಡದ ಎಷ್ಟೋ ಮನೆಗಳ ಹಜಾರದಲ್ಲಿ ವಾಸ್ತುವಿನ ಹೆಸರಲ್ಲಿ ಮೀನುಗಳು ಸಾಲಾಗಿ ಉಸಿರುಗಟ್ಟಿ ಸಾಯುತ್ತಿರುತ್ತವೆ. ಅಲ್ಲಿ ಅಹಿಂಸೆಯ ಮಾತಿಲ್ಲ. ತಟ್ಟೆಯಲ್ಲಿ ಮೀನಿದ್ದರೆ ಪಾಪ, ಗಾಜಿನಲ್ಲಿ ಸತ್ತರೆ ಪುಣ್ಯ ಎನ್ನುವ ಈ ಇಬ್ಬಂದಿತನ ನನಗೆ ಅರಗುವುದಿಲ್ಲ. ಮೂರನೆಯದು, ಬಡ ವ್ಯಾಪಾರಿಯ ಹೊಟ್ಟೆಯ ಮೇಲೆ ಹೊಡೆಯಬೇಡಿ ಎಂಬುದು. ಇದನ್ನು ನಾನು ಗೌರವಿಸುತ್ತೇನೆ. ಆದರೆ ತಿಂಗಳೊಳಗೆ ಮೂರು ಸಲ ಮೀನು ಕಳೆದುಕೊಂಡ ಹೆಚ್ಚಿನವರು ತೊಟ್ಟಿಯನ್ನು ಅಟ್ಟಕ್ಕೆ ಹಾಕುತ್ತಾರೆ. ಮೀನು ಬದುಕಿದವರು ವರ್ಷಗಟ್ಟಲೆ ಆಹಾರ, ಗಿಡ, ಫಿಲ್ಟರಿಗೆಂದು ಅದೇ ಅಂಗಡಿಗೆ ಬರುತ್ತಾರೆ. ನಿಜ ಹೇಳುವುದರಿಂದ ವ್ಯಾಪಾರಿಗೂ ನಷ್ಟವಿಲ್ಲ.

ನಾಲ್ಕನೆಯದು, ಇದಕ್ಕೆಲ್ಲ ಯಾರಿಗೆ ಪುರುಸೊತ್ತಿದೆ? ಬೇಕಾದದ್ದು ಇಷ್ಟೇ. ಎರಡು ಅಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ತೊಟ್ಟಿ. ಸುಮಾರು 55 ಲೀಟರ್ ಹಿಡಿಯುತ್ತದೆ. ನೀರು ಹೆಚ್ಚಿದ್ದಷ್ಟೂ ವಿಷ ತೆಳುವಾಗುವುದರಿಂದ ಹೊಸಬರಿಗೆ ಸಣ್ಣದಕ್ಕಿಂತ ದೊಡ್ಡದೇ ಸುಲಭ. ಒಂದು ಸ್ಪಾಂಜ್ ಫಿಲ್ಟರು, ನಾಲ್ಕು ಗಿಡ. ಮೀನಿಲ್ಲದ ತೊಟ್ಟಿಗೆ ದಿನಕ್ಕೊಂದು ಚಿಟಿಕೆ ಮೀನಿನ ಆಹಾರ ಹಾಕುತ್ತ, ಫಿಲ್ಟರನ್ನು ಆರಿಸದೆ ಕಾಯಿರಿ. ಪರೀಕ್ಷೆಯ ಕಿಟ್ಟಿನಲ್ಲಿ ಮೊದಲು ಏರಿದ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆಗೆ ಇಳಿದು ನೈಟ್ರೇಟ್ ಕಂಡಾಗ ನೀರು ಪಳಗಿತು ಎಂದರ್ಥ. ಆಮೇಲೆ ಮೀನು, ಅದೂ ಎರಡೋ ಮೂರೋ. ಬೋರ್‌ವೆಲ್ ನೀರಿನವರು ಪಿಎಚ್ ಕೂಡ ನೋಡಿಕೊಳ್ಳಿ. ಅದು 7ರಿಂದ 8ಕ್ಕೆ ಏರಿದರೆ ಅಮೋನಿಯಾದ ವಿಷದ ಪಾಲು ಸುಮಾರು ಹತ್ತುಪಟ್ಟಾಗುತ್ತದೆ. ನಂತರ ವಾರಕ್ಕೆ ಅರ್ಧ ಗಂಟೆಯ ಕೆಲಸ. ಅಷ್ಟೂ ಪುರುಸೊತ್ತಿಲ್ಲದವರು ಮೀನು ತರಬೇಡಿ. ಗೋಡೆಗೆ ಒಂದು ಚಿತ್ರ ಹಾಕಿಕೊಳ್ಳಿ.

ನಾನು ಕೇಳುತ್ತಿರುವುದು ದೊಡ್ಡದೇನಲ್ಲ. ಅಂಗಡಿಯವರು ತೊಟ್ಟಿ ಮಾರಿದ ದಿನ ಮೀನು ಮಾರಬಾರದು, ಒಂದು ತಿಂಗಳು ಬಿಟ್ಟು ಬನ್ನಿ ಎನ್ನಬೇಕು. ದುಂಡು ಬಟ್ಟಲು ಕಪಾಟಿನಿಂದ ಇಳಿಯಬೇಕು. ಸಾರಜನಕದ ಚಕ್ರವನ್ನು ಶಾಲೆಯಲ್ಲಿ ಬಾಣದ ಗುರುತು ಹಾಕಿ ಬಿಡಿಸಿ ಅಂಕ ಪಡೆದ ನಾವು, ಅದು ನಮ್ಮ ಹಜಾರದಲ್ಲೇ ತಿರುಗುತ್ತಿರುವಾಗ ಗುರುತು ಹಿಡಿಯಬೇಕು. ಮೀನು ಕೂಗುವುದಿಲ್ಲ, ಕಚ್ಚುವುದಿಲ್ಲ, ಬಾಗಿಲು ಗೀರುವುದಿಲ್ಲ. ಅದರ ಪರವಾಗಿ ಮಾತಾಡುವುದು ನೀರೊಂದೇ. ಮುಂದಿನ ಸಲ ಮೀನು ತೇಲಿದಾಗ ಯಾರ ದೃಷ್ಟಿ ತಾಗಿತು ಎಂದು ಕೇಳಬೇಡಿ. ಫಿಲ್ಟರಿನ ಸ್ಪಾಂಜನ್ನು ನಲ್ಲಿಯ ಕೆಳಗೆ ತೊಳೆದವರು ಯಾರು ಎಂದು ಕೇಳಿ.